ಪಡುವಣ ಗೋಡೆಗೆ ಪ್ಯಾನೆಲ್

ಚಿಕ್ಕಮಗಳೂರಿನಲ್ಲಿ ನನ್ನ ನಾದಿನಿಯ ಮನೆಗೆ ಹೋದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಅವಳನ್ನು. ಹಾಲ್‌ನ ಒಂದು ಗೋಡೆಗೆ ಪೂರ್ತಿ ಪ್ಯಾನೆಲ್ ಹೊಡೆಸಿದ್ದಾಳೆ. ಜೇನುಬಣ್ಣದ ಹಲಗೆ, ನಡುನಡುವೆ ಹಿತ್ತಾಳೆ ಪಟ್ಟಿ, ಮೇಲಿಂದ ಸಣ್ಣ ಸಣ್ಣ ದೀಪ. ನಾವು ಹೋದ ದಿನ ಕಾಫಿ ಕೊಡುವುದಕ್ಕೂ ಮೊದಲು ಸ್ವಿಚ್ ಹಾಕಿ ತೋರಿಸಿದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಬಾಳೂರಿಗೆ ವಾಪಸು ಬರುವಾಗ ಜೀಪಿನಲ್ಲೇ ಹೇಳಿಬಿಟ್ಟೆ, ನಮ್ಮ ಹಾಲ್‌ಗೂ ಅಂಥದೇ ಬೇಕು ಅಂತ.

"ತೋಟದಲ್ಲಿ ಬೀಟೆ ಮರ ನಿಂತಿರುವಾಗ ಮರದ ಚಿತ್ರ ಅಂಟಿಸಿದ ಹಲಗೆ ಎಂಥಕ್ಕೆ?" ಅಂದರು ಇವರು.

"ಬೀಟೆ ಮರ ಹಾಲ್ ಒಳಗೆ ಬಂದು ನಿಂತ್ಕೊಳ್ತದಾ?" ಅಂದೆ.

ಊರಿಗೆಲ್ಲ ಅವರು ನಾಗೇಶ ಗೌಡರು. ನನಗೆ ಮದುವೆಯಾದಂದಿನಿಂದ 'ಇವರು'. ಆ ಹೊತ್ತಿಗೆ ಎರಡು ಸಾವಿರದ ನಾಲ್ಕನೇ ಇಸವಿ ಮುಗಿಯುತ್ತಾ ಬಂದಿತ್ತು, ಮಗಳು ಸೌಂದರ್ಯ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಇರುವ ಮನೆಯಲ್ಲಿ ಒಂದು ಮಾತು ಹಿಡಿದು ಕೂತರೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ನಾನು ಹಿಡಿದು ಕೂತೆ. ಕಾಫಿ ಕೊಯ್ಲು ಶುರುವಾಗುವುದರೊಳಗೆ ಇವರು ಹೂಂ ಅಂದರು.

ಪ್ಯಾನೆಲ್ ಬರಬೇಕಾಗಿದ್ದು ಹಾಲ್‌ನ ಪಡುವಣ ಗೋಡೆಗೆ. ಬಾಗಿಲು ದಾಟಿದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಆದರೆ ಆ ಗೋಡೆಯನ್ನು ನೋಡಿದರೆ ನೋಡಬಾರದಿತ್ತು ಅನ್ನಿಸುತ್ತಿತ್ತು. ಬಣ್ಣ ಹೊಪ್ಪಳಿಕೆ ಎದ್ದು ಉದುರುತ್ತಿತ್ತು. ಕ್ಯಾಲೆಂಡರ್ ತೂಗಿಹಾಕಿದರೆ ಮೊಳೆ ಸಮೇತ ಕೆಳಗೆ ಬರುತ್ತಿತ್ತು. ಸೋಫಾ ತಾಗಿಸಿ ಇಟ್ಟರೆ ಬೆನ್ನಿಗೆ ಬೂಷ್ಟು ಹಿಡಿಯುತ್ತಿತ್ತು. ಅದರ ಒಂದರ್ಧ ಹೊರಗಿನ ಮಳೆಗೆ ಮುಖ ಕೊಟ್ಟು ನಿಂತಿದೆ. ಇನ್ನೊಂದರ್ಧದ ಹಿಂದೆ ಬಚ್ಚಲುಮನೆ ಇದೆ.

ಆ ಬಚ್ಚಲುಮನೆಯ ಬಗ್ಗೆ ಹೇಳಬೇಕು. ತೋಟದಿಂದ ಬಂದವರು ಕೆಸರು, ಕಾಲಿಗೆ ಕಚ್ಚಿಕೊಂಡ ಇಂಬಳ ಸಮೇತ ಒಳಗೆ ಕಾಲಿಡಬಾರದು ಅಂತ ನಮ್ಮ ಮಾವ ಅದನ್ನು ಹಾಲ್‌ಗೆ ಆತುಕೊಂಡ ಹಾಗೆ ಕಟ್ಟಿಸಿದ್ದರು. ಒಳಗೆ ದೊಡ್ಡ ತಾಮ್ರದ ಹಂಡೆ, ಅದಕ್ಕೆ ಮಣ್ಣು ಇಟ್ಟಿಗೆಯ ಒಲೆ, ಪಕ್ಕದಲ್ಲಿ ಕೂತು ಮೀಯಲು ಒಂದು ಚಪ್ಪಡಿ ಕಲ್ಲು. ಎಲ್ಲವೂ ಹಾಲ್‌ನ ಗೋಡೆಗೇ ತಾಗಿಕೊಂಡಿದ್ದವು. ಸೌದೆ ಹಾಕುವ ಬಾಯಿ ಮಾತ್ರ ಹೊರಗಿನ ಅಂಗಳಕ್ಕೆ. ಇವರು ಸಂಜೆ ತೋಟದಿಂದ ಬಂದರೆ ಆ ಕಲ್ಲಿನ ಮೇಲೆ ಕೂತು, ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಂಡು, ಹಾಡು ಹೇಳಿಕೊಂಡು, ಬೆರಳ ತುದಿ ಸುಕ್ಕುಗಟ್ಟುವವರೆಗೆ ಮೀಯುವರು. ಮೈಗೆ ಬಿದ್ದಷ್ಟೇ ನೀರು ಗೋಡೆಗೂ ಬೀಳುತ್ತಿತ್ತು. ಬಂದ ನೆಂಟರಿಗೂ ಅಷ್ಟೇ, ಕಾಫಿಗಿಂತ ಮೊದಲು ಸ್ನಾನ. 'ನಾಗೇಶಣ್ಣನ ಮನೆ ಬಿಸಿನೀರು' ಅಂದರೆ ಕಳಸದವರೆಗೆ ಹೆಸರು.

ಪ್ಯಾನೆಲ್ ಕೆಲಸದ ಏಕಾಂತಪ್ಪ ಚಿಕ್ಕಮಗಳೂರಿನಿಂದ ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ದಪ್ಪ ಮೀಸೆ, ಮಾತು ಮೆತ್ತಗೆ.

"ಅಮ್ಮಾವ್ರೇ, ಈ ಗೋಡೆ ಚೆನ್ನಾಗಿ ನೀರು ಕುಡ್ದಿದೆ. ಇದರ ಮೇಲೆ ಹಾಗೇ ಹೊಡೆದ್ರೆ ಹಿಂದೆ ಬೂಷ್ಟು ಕಟ್ಟಿ ಹಲಗೆ ಉಬ್ಬಿಬಿಡುತ್ತೆ. ಮೊದ್ಲು ವಾಟರ್‌ಪ್ರೂಫ್ ಮಾಡ್ಬೇಕು. ಅದಕ್ಕೂ ಮೊದ್ಲು ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ಬೇಕು."

"ಎಲ್ಲಿಂದ ಬರ್ತದೆ? ಮಳೆಯಿಂದ," ಅಂದರು ಇವರು.

"ಗೋಡೆ ಹಿಂದೆ ಏನಿದೆ ಗೌಡ್ರೇ?"

"ಮಳೆ."

ನಮ್ಮ ಕಡೆಯ ಗಂಡಸರಿಗೆ ಇದೊಂದು ಅನುಕೂಲ. ಏನು ಕೆಟ್ಟರೂ ಮಳೆಯ ತಲೆಗೆ ಕಟ್ಟಿಬಿಡಬಹುದು. ಇಬ್ಬರು ಪ್ಲಾಂಟರು ಎದುರಾದರೆ ಮೊದಲು ಕೇಳುವುದೇ ನಿಮ್ಮಲ್ಲಿ ಎಷ್ಟಿಂಚು ಅಂತ. ಅದರಲ್ಲಿ ಇವರು ಒಂದು ಕೈ ಮೇಲೆ. ಜೀಪು ಸ್ಟಾರ್ಟ್ ಆಗದಿದ್ದರೆ ಮಳೆ, ಫೋನು ಸತ್ತರೆ ಮಳೆ, ಸೌಂದರ್ಯ ಪಿಯುಸಿಯಲ್ಲಿ ಲೆಕ್ಕಕ್ಕೆ ಫೇಲಾದಾಗಲೂ 'ಆ ವರ್ಷ ಮಳೆ ಜಾಸ್ತಿ' ಅಂದವರು. ಈಗಲೂ ಏಕಾಂತಪ್ಪನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಬಚ್ಚಲುಮನೆ ಕಾಣದ ಹಾಗೆ ಅಡ್ಡ ನಿಂತು, ಪಾಚಿ ಕಟ್ಟಿದ ಅರ್ಧವನ್ನಷ್ಟೇ ತೋರಿಸಿದರು.

ನೀರು ಬಚ್ಚಲಿನಿಂದ ಬರುತ್ತಿದೆ ಅಂತ ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು. ನನಗೆ ಗೊತ್ತಿದೆ ಅನ್ನುವುದೂ ಇವರಿಗೆ ಗೊತ್ತಿತ್ತು. ಬಚ್ಚಲಿನ ಮಾತು ಬಂದರೆ ಹಂಡೆಯ ಬುಡಕ್ಕೆ ಬರುತ್ತದೆ ಅಂತ ಇವರು ಬಾಯಿ ಬಿಡಲಿಲ್ಲ. ಹೊರಗಿನ ಅರ್ಧಕ್ಕೂ ಕೆಲಸ ಬೇಕಾಗಿತ್ತಲ್ಲ, ಮೊದಲು ಅದು ಆಗಲಿ ಅಂತ ನಾನೂ ಸುಮ್ಮನಿದ್ದೆ.

ಏಕಾಂತಪ್ಪನ ಕಡೆಯವರು ಬಂದು ಪಾಚಿ ಕೆರೆದರು, ಬಿರುಕಿಗೆಲ್ಲ ಸಿಮೆಂಟು ತುಂಬಿದರು, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದು ಒಣಗಲು ಬಿಟ್ಟರು. ಅಷ್ಟರಲ್ಲಿ ಕೊಯ್ಲು ಮುಗಿಯುತ್ತಾ ಬಂತು. ಮಳೆ ನಿಂತು ಎಷ್ಟೋ ಕಾಲವಾಗಿತ್ತು, ಕಣದಲ್ಲಿ ಕಾಫಿ ಗಲಗಲ ಅನ್ನುವಷ್ಟು ಒಣಗಿತ್ತು. ಏಕಾಂತಪ್ಪ ಮತ್ತೆ ಬಂದು, ನಮ್ಮ ನರ್ಸರಿಯ ಪ್ಲಾಸ್ಟಿಕ್ಕಿನಲ್ಲಿ ಎರಡು ತುಂಡು ಕತ್ತರಿಸಿ, ಹಾಲ್ ಗೋಡೆಯ ಈ ಅರ್ಧಕ್ಕೊಂದು ಆ ಅರ್ಧಕ್ಕೊಂದು ಸುತ್ತಲೂ ಟೇಪು ಹಾಕಿ ಅಂಟಿಸಿದ. ಪ್ಲಾಸ್ಟಿಕ್ಕಿನ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ ಅಂತ ಅರ್ಥವಂತೆ. ಆ ರಾತ್ರಿ ಮೂಡಿಗೆರೆಯಲ್ಲಿ ಉಳಿದುಕೊಂಡು ಮಾರನೆಯ ದಿನ ಬಂದು ನೋಡಿದ. ಮಳೆಯ ಅರ್ಧ ಒಣಗಿ ಖಣಖಣ ಅನ್ನುತ್ತಿತ್ತು. ಬಚ್ಚಲಿನ ಅರ್ಧದ ಪ್ಲಾಸ್ಟಿಕ್ಕು ಒಳಗೊಳಗೇ ಬೆವೆತು ಕೂತಿತ್ತು.

"ಇದು ಹೋದ ವರ್ಷದ ಮಳೆ. ಗೋಡೆ ಹೀರಿ ಇಟ್ಕೊಂಡಿದೆ, ನಿಧಾನಕ್ಕೆ ಬಿಡ್ತದೆ," ಅಂದರು ಇವರು.

"ಇದೊಂದೇ ಅರ್ಧ ಯಾಕೆ ಇಟ್ಕೊಂಡಿದೆ?" ಅಂದೆ ನಾನು.

"ಅದನ್ನ ಗೋಡೆ ಹತ್ರ ಕೇಳು."

ಏಕಾಂತಪ್ಪ ಬಚ್ಚಲುಮನೆಯೊಳಗೆ ಇಣುಕಿ ಬಂದು, ಈ ಗೋಡೆಗೆ ಒಳಗಿನಿಂದ ಬಳಿಯಬೇಕು, ಹಂಡೆ ಒಲೆ ಎರಡನ್ನೂ ಇಲ್ಲಿಂದ ಕೀಳದೆ ಆಗುವುದಿಲ್ಲ ಅಂದ. ನನಗೆ ಬೇಕಾಗಿದ್ದದ್ದೇ ಅದು. ಕಿತ್ತು ಬಿಸಾಕಿ, ಗೀಸರ್ ಹಾಕಿಸೋಣ ಅಂದೆ. ಇವರು ಹೋಗಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು. ಅಪ್ಪ ಕೂರಿಸಿದ ಹಂಡೆ, ಬೇಕಾದರೆ ಒಣಗಿದ ಅರ್ಧಕ್ಕೆ ಮಾತ್ರ ಪ್ಯಾನೆಲ್ ಹೊಡೆಸಿಕೋ, ಉಳಿದ ಕಡೆ ದೊಡ್ಡ ಕ್ಯಾಲೆಂಡರ್ ಹಾಕೋಣ ಅಂದರು. ನೀರು ಬಚ್ಚಲಿನದೇ ಅಂತ ಯಾರಾದರೂ ಸಾಬೀತು ಮಾಡಿದರೆ ಒಪ್ಪುತ್ತೇನೆ, ಆದರೆ ಅದಕ್ಕಾಗಿ ಸ್ನಾನ ಬಿಡು ಅಂದರೆ ಬಿಡುವುದಿಲ್ಲ, ಬೆನ್ನು ನೋವು ಅಂತಲೂ ಸೇರಿಸಿದರು.

ಸ್ನಾನ ಬಿಡಿಸದೆ ಸಾಬೀತು ಮಾಡುವುದು ಹೇಗೆ? ನಾನು ಪಕ್ಕದೂರು ಜಾವಳಿಗೆ ಹೋಗಿ ವಿಷ್ಣುಮೂರ್ತಿ ಭಟ್ಟರ ಮನೆಯ ಜಗುಲಿಯಲ್ಲಿ ಕೂತೆ. ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ನಮ್ಮಲ್ಲಿ ಪೂಜೆ ಮಾಡಿಸಿಕೊಡುವವರು ಅವರೇ. ಇವರು ಜಗತ್ತಿನಲ್ಲಿ ಹೆದರುವುದು ಇಬ್ಬರಿಗೆ, ಶನಿಗೆ ಮತ್ತು ಶನಿಯ ಸುದ್ದಿ ತರುವ ಭಟ್ಟರಿಗೆ.

"ಭಟ್ರೇ, ಇವರಿಗೊಂದು ವ್ರತ ಹೇಳ್ಬೇಕು. ಬಿಸಿನೀರು ಮುಟ್ಟಬಾರದು, ಅಂಥದ್ದು."

ಗೋಡೆಯ ಕಥೆ ಪೂರ್ತಿ ಕೇಳಿ ಭಟ್ಟರು ನಕ್ಕರು. "ಹರಿಯುವ ನೀರಿನ ಸ್ನಾನ ಶ್ರೇಷ್ಠ ಅಂತ ಶಾಸ್ತ್ರವೇ ಹೇಳ್ತದೆ ಶಂಕರಮ್ಮನವ್ರೇ. ನಾನು ಸುಳ್ಳು ಹೇಳಿದ ಹಾಗೂ ಆಗೋದಿಲ್ಲ. ಆದ್ರೆ ಒಂದು. ಪೂಜೆ ದಿನ ನನ್ನ ಸ್ನಾನ ಮುಗಿದ ಮೇಲೇ ನಾನು ಬಾಯಿ ಬಿಡೋದು."

ಹೇಳಿದ ಹಾಗೇ ಮಾಡಿದರು. ಪೂಜೆಯ ದಿನ ನಮ್ಮ ಹಂಡೆಯಲ್ಲಿ ಮನಸಾರೆ ಮಿಂದು, ಮೈಯಿಂದ ಹಬೆ ಏಳುತ್ತಿರುವಾಗಲೇ ಬಂದು ಮಣೆಯ ಮೇಲೆ ಕೂತು, ಗ್ರಹಗತಿ ಸ್ವಲ್ಪ ಬಿಗಿ ಇದೆ, ಬರುವ ಅಮಾವಾಸ್ಯೆಯವರೆಗೆ ನಾಗೇಶ ಗೌಡರು ಬೆಳಗ್ಗೆ ಹಳ್ಳದಲ್ಲೇ ಸ್ನಾನ ಮಾಡಬೇಕು, ಮನೆಯಲ್ಲಿ ಹಂಡೆಗೆ ಬೆಂಕಿ ಹಾಕುವ ಹಾಗಿಲ್ಲ ಅಂದರು. ಇವರು ಭಟ್ಟರ ಮೈಯ ಹಬೆಯನ್ನೇ ನೋಡುತ್ತಾ ಕೈ ಮುಗಿದರು.

ತೋಟದ ಕೆಳಗೆ ಹರಿಯುವ ಹಳ್ಳದ ನೀರು ಆ ಕಾಲದಲ್ಲಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇವರು ಮಂಜು ಕರಗುವ ಮೊದಲೇ ಟವೆಲು ಹೊದ್ದು ಹೋಗುವರು, ಬಂದು ಅಡುಗೆಮನೆಯ ಒಲೆಯ ಮುಂದೆ ಹಲ್ಲು ಕಟಕಟ ಅನ್ನಿಸುತ್ತಾ ಕೂರುವರು. ನಾನು ಒಂದು ಪಾತ್ರೆ ನೀರು ಅಲ್ಲೇ ಕಾಯಿಸಿಕೊಂಡು, ಬಚ್ಚಲಿಗೆ ಹೋಗದೆ ಕೊಟ್ಟಿಗೆಯ ಮೂಲೆಯಲ್ಲೇ ನನ್ನ ಸ್ನಾನ ಮುಗಿಸಿಕೊಳ್ಳುತ್ತಿದ್ದೆ. ಪಾಪ ಅನ್ನಿಸಲಿಲ್ಲವೇ ಅಂತ ಕೇಳಬೇಡಿ. ಅನ್ನಿಸಿತು. ಆದರೆ ಗೋಡೆ ದಿನದಿನಕ್ಕೂ ಬೆಳ್ಳಗಾಗುತ್ತಿತ್ತು. ಹೊಸ ಪ್ಲಾಸ್ಟಿಕ್ಕು ಅಂಟಿಸಿದೆ, ಒಂದು ಹನಿಯೂ ಇಲ್ಲ. ನಾನು ದಿನಾ ಹೋಗಿ ಆ ಗೋಡೆಯ ಮೇಲೆ ಅಂಗೈ ಇಟ್ಟು ನೋಡುವೆ. ಕಣ್ಣು ಮುಚ್ಚಿದರೆ ಹಿತ್ತಾಳೆ ಪಟ್ಟಿಯೇ ಕಾಣುತ್ತಿತ್ತು.

ಒಂದು ದಿನ ಸಂತೆಗೆ ಅಂತ ಮೂಡಿಗೆರೆಗೆ ಹೋಗಿ ಸಂಜೆ ಬಂದೆ. ಇವರು ಜಗುಲಿಯಲ್ಲಿ ಕೂತಿದ್ದರು. ಮುಖ ಕೆಂಪಗೆ ಹೊಳೆಯುತ್ತಿತ್ತು, ತಲೆ ನೀಟಾಗಿ ಬಾಚಿತ್ತು, ನಾನು ಕೇಳದೆಯೇ ಚೀಲ ಇಳಿಸಿಕೊಂಡರು. ಅಲ್ಲೇ ಅನುಮಾನ ಬಂತು. ಬೆಳಗ್ಗೆ ಎದ್ದು ನೋಡಿದರೆ ಪ್ಲಾಸ್ಟಿಕ್ಕಿನ ತುಂಬ ಹನಿ.

"ಇದೆಂಥದು?" ಅಂದೆ.

"ಇಬ್ಬನಿ."

"ಹಾಲ್ ಒಳಗಾ?"

ಇವರು ಪ್ಲಾಸ್ಟಿಕ್ಕು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಾಲಿನ ಹೆಬ್ಬೆರಳು ನೋಡಿಕೊಂಡರು. "ಚಳಿ ಮಾರಾಯ್ತಿ. ಹಳ್ಳದ ನೀರು ಎಲುಬಿಗೆ ಇಳೀತದೆ. ಒಂದೇ ಒಂದು ಸಲ ಮಾಡಿದ್ದು. ಭಟ್ರಿಗೆ ಹೇಳ್ಬೇಡ."

ಭಟ್ಟರಿಗೆ ಹೇಳಲಿಲ್ಲ. ಏಕಾಂತಪ್ಪನಿಗೆ ಫೋನು ಮಾಡಿದೆ. ನೀರು ಎಲ್ಲಿಂದ ಅಂತ ಸಾಬೀತಾಗಿದೆ, ಸುತ್ತಿಗೆ ಹಾರೆ ತಗೊಂಡು ಬಂದು ಹಂಡೆ ಕೀಳಪ್ಪ ಅಂದೆ. ಇವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಸೋಲು ಅಂತ ತಿಳಿದದ್ದು ನನ್ನ ದಡ್ಡತನ.

ಏಕಾಂತಪ್ಪ ಬಂದ ದಿನ ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಬಸ್ಸಿನಲ್ಲಿ ಕೂತು, ಧೂಳು ಕುಡಿದು, ಹೆಗಲ ಮೇಲೆ ಹಾರೆ ಹೊತ್ತು ಬಂದವನನ್ನು ಇವರು ಗೇಟಿನಲ್ಲೇ ಹಿಡಿದರು.

"ಎಂಥ ಏಕಾಂತಪ್ಪ, ಈ ಅವತಾರದಲ್ಲಿ ಕೆಲಸ ಮಾಡ್ತೀಯ? ಹೇಗೂ ಹಂಡೆ ಇವತ್ತಿಗೆ ಕೊನೆ. ಎರಡು ತಂಬಿಗೆ ಮೈಮೇಲೆ ಹಾಕ್ಕೊಂಡು ಶುರು ಮಾಡು."

ಕಿಟಕಿಯಿಂದ ಹೊಗೆ ಕಂಡಾಗಲೇ ನನಗೆ ಇವರ ಆಟ ಗೊತ್ತಾಯಿತು. ಅಮಾವಾಸ್ಯೆ ಹಿಂದಿನ ದಿನವಷ್ಟೇ ಕಳೆದಿತ್ತು, ತಡೆಯಲು ವ್ರತವೂ ಇರಲಿಲ್ಲ. ಕೈ ತೊಳೆದುಕೊಂಡು ಓಡಿದರೆ, ಏಕಾಂತಪ್ಪ ಆಗಲೇ ಪಂಚೆ ಕಟ್ಟಿ ಮೆಟ್ಟಿಲ ಮೇಲೆ ಕೂತಿದ್ದ. ಇವರು ತಾವೇ ಬಟ್ಟಲು ಹಿಡಿದು ಅವನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ಅವನ ಕಣ್ಣು ಆಗಲೇ ಅರ್ಧ ಮುಚ್ಚಿತ್ತು.

ಒಳಗೆ ಹೋದವನು ಹೊರಗೆ ಬರುವ ಹೊತ್ತಿಗೆ ರೊಟ್ಟಿ ಆರಿ ಹಪ್ಪಳವಾಗಿತ್ತು. ಇವರು ಅವನಿಗೆ ಬಿಸಿ ಮೆಣಸಿನ ಸಾರು ಕುಡಿಸಿ, ಜಗುಲಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿದರು. ಎದ್ದಾಗ ಮಧ್ಯಾಹ್ನ ಇಳಿದಿತ್ತು. ಎದ್ದು ಕೂತು, ಗೋಡೆಗೆ ಒರಗಿಸಿಟ್ಟ ಹಾರೆಯನ್ನು ನೋಡಿ, ನನ್ನನ್ನು ನೋಡಿ, ತಲೆ ತಗ್ಗಿಸಿದ.

"ಅಮ್ಮಾವ್ರೇ, ತಪ್ಪು ತಿಳ್ಕೋಬೇಡಿ. ಇಂಥ ಹಂಡೆ ಒಲೆ ಒಡೆಯೋಕೆ ನನ್ನ ಕೈ ಬರಲ್ಲ. ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ. ಪ್ಯಾನೆಲ್ ಬೇಕಾದ್ರೆ ಪುಕ್ಕಟೆ ಹೊಡೆದುಕೊಡ್ತೀನಿ."

ಇವರು ಕಂಬದ ಪಕ್ಕ ನಿಂತು ಮಾಡಿನ ಹೆಂಚು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ಮೀಸೆಯಡಿಯಲ್ಲಿ ನಗು.

ಆ ನಗು ಕಂಡದ್ದೇ ನನಗೆ ಎಲ್ಲಿತ್ತೋ ಸಿಟ್ಟು ಬಂತು. ಪ್ಯಾನೆಲ್ಲಿನ ಸಿಟ್ಟಲ್ಲ, ಅದಕ್ಕಿಂತ ಬಹಳ ಹಳೆಯದು.

"ಭಟ್ರು ಮಿಂದ್ರು. ಏಕಾಂತಪ್ಪ ಮಿಂದ. ನಿಮ್ಮ ನೆಂಟ್ರು, ಕಾಫಿ ಕೊಳ್ಳಲಿಕ್ಕೆ ಬಂದವ್ರು, ಜೀಪು ರಿಪೇರಿಗೆ ಬಂದವ್ರು, ಎಲ್ಲ ಮಿಂದು ಹೊಗಳಿ ಹೋದ್ರು. ಮದುವೆಯಾಗಿ ಬಂದ ದಿನದಿಂದ ಈ ಒಲೆಗೆ ಊದಿದವಳು ನಾನು. ನನಗೆ ಸಿಕ್ಕಿದ್ದು ತಳದ ನೀರು. ಬೆಂಕಿ ಆರಿದ ಮೇಲೆ, ನೀವೆಲ್ಲ ಊಟ ಮಾಡಿ ಎದ್ದ ಮೇಲೆ. ನಿಮ್ಮ ಹಂಡೆಯಲ್ಲಿ ಅಷ್ಟು ಎಂಥ ಉಂಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮತ್ತೆ ನಾನ್ಯಾಕೆ ಅದನ್ನ ಉಳಿಸ್ಬೇಕು?"

ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಏಕಾಂತಪ್ಪನ ಎದುರು ಬಂತಲ್ಲ ಅಂತ ಇನ್ನಷ್ಟು ಸಿಟ್ಟಾಯಿತು. ಇವರ ಮೀಸೆಯಡಿಯ ನಗು ಹೋಯಿತು. ಕೊಟ್ಟಿಗೆಯ ಕಡೆ ಹೋದರು. ಬರುವಾಗ ತೋಳಿನ ತುಂಬ ಸೌದೆ ಇತ್ತು. ಹಂಡೆಗೆ ಕೊಡಗಟ್ಟಲೆ ನೀರು ಹೊತ್ತು ತುಂಬಿಸಿದರು. ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಹೋಗು, ಮೊದಲ ನೀರು ನಿಂಗೆ," ಅಂದರು.

ನಾನು ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ.

ಮೊದಲ ತಂಬಿಗೆ ಬೆನ್ನ ಮೇಲೆ ಬಿದ್ದಾಗ ಕಣ್ಣು ತಾನಾಗಿ ಮುಚ್ಚಿತು. ಎರಡನೆಯದಕ್ಕೆ ಭುಜ ಇಳಿಯಿತು. ಆಮೇಲೆ ಎಣಿಸಲಿಲ್ಲ. ಕಲ್ಲು ಬೆಚ್ಚಗಿತ್ತು, ಹಬೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ, ಬಾಗಿಲಾಚೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಇಷ್ಟು ವರ್ಷ ಇವರು ಒಳಗೆ ಕೂತು ಯಾಕೆ ಹಾಡುತ್ತಾರೆ ಅಂತ ಅವತ್ತು ಗೊತ್ತಾಯಿತು. ಇಷ್ಟು ಚೆನ್ನಾಗಿರುವುದನ್ನು ನನಗೆ ಹೇಳದೆ ಇಟ್ಟುಕೊಂಡರಲ್ಲ ಅಂತ ಹೊಟ್ಟೆ ಉರಿಯಿತು, ನಾದಿನಿಯ ಗೋಡೆ ನೋಡಿದಾಗ ಉರಿದದ್ದು ಏನೇನೂ ಅಲ್ಲ. ಗೀಸರ್ ಹಾಕಿಸಬೇಕು ಅಂದದ್ದು ಯಾರೋ ಬೇರೆ ಹೆಂಗಸು ಅನ್ನಿಸಿತು. ಆದರೆ ಪ್ಯಾನೆಲ್ ಬಿಡಲು ಮಾತ್ರ ಮನಸ್ಸಾಗಲಿಲ್ಲ. ಬಿಸಿನೀರಿನಲ್ಲಿ ಕೂತರೆ ತಲೆ ಓಡುತ್ತದೆ ಅನ್ನುವುದೂ ಅವತ್ತೇ ತಿಳಿದದ್ದು.

"ಏಕಾಂತಪ್ಪ," ಒಳಗಿನಿಂದಲೇ ಕರೆದೆ.

"ಏನಮ್ಮಾವ್ರೇ?" ದೂರದಿಂದ ಬಂತು ದನಿ.

"ಹಂಡೆ, ಒಲೆ, ಕಲ್ಲು ಮೂರನ್ನೂ ಎದುರಿನ ಗೋಡೆಗೆ ಸರಿಸಿದ್ರೆ ಆಗ್ತದಾ? ಅದರ ಹಿಂದೆ ಬರೀ ಅಂಗಳ."

"ಆಗುತ್ತಲ್ಲ. ಈ ಗೋಡೆಗೆ ಒಳಗಿಂದ ಚೆನ್ನಾಗಿ ಬಳಿದು ಒಣಗಿಸಿದ್ರೆ ಪ್ಯಾನೆಲ್ಲಿಗೆ ಭಯ ಇಲ್ಲ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಗೀಸರ್ ಅಂದ್ರಿ, ಗೌಡ್ರು ಮಳೆ ಅಂದ್ರು. ಮಧ್ಯದಲ್ಲಿ ನನಗೆ ಜಾಗ ಎಲ್ಲಿತ್ತು?"

ಹೊರಗೆ ಇವರ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ಅಪ್ಪ ಕೂರಿಸಿದ ಜಾಗ, ಅಲ್ಲಾಡಿಸಬಾರದು ಅಂತ ಏನೋ ಶುರು ಮಾಡಿದರು. ನೀವು ಒಪ್ಪುವವರೆಗೆ ನಾನು ಚಿಲಕ ತೆಗೆಯುವುದಿಲ್ಲ ಅಂದೆ. ಹೂಂ ಅಂದರು. ಗೋಡೆ ಒಣಗುವವರೆಗೆ ನಿಮಗೆ ಹಳ್ಳವೇ ಗತಿ ಅಂದೆ. ಅದಕ್ಕೂ ಹೂಂ ಅಂದರು. ಹೊಸ ಒಲೆ ಆದ ಮೇಲೂ ಮೊದಲ ನೀರು ನನಗೆ ಅಂದೆ. ಸ್ವಲ್ಪ ತಡವಾಗಿ, ಅದಕ್ಕೂ ಬಂತು ಒಂದು ಹೂಂ.

ಎಲ್ಲ ಹೇಳಿದ ಹಾಗೇ ಆಯಿತು. ಪ್ಯಾನೆಲ್ ಈಗ ಹಾಲ್‌ನಲ್ಲಿದೆ, ನಾದಿನಿಯದಕ್ಕಿಂತ ಒಂದು ಪಟ್ಟಿ ಜಾಸ್ತಿ, ಅವಳು ಬಂದಾಗ ನಾನೂ ಕಾಫಿಗಿಂತ ಮೊದಲು ಸ್ವಿಚ್ಚೇ ಹಾಕಿದ್ದು. ಆದರೆ ಅವತ್ತು ಮಾತೆಲ್ಲ ಮುಗಿದ ಮೇಲೆ ಆ ಕಲ್ಲಿನ ಮೇಲೆ ಕೂತಿದ್ದಾಗ ನನಗೆ ಅದೊಂದೂ ತಲೆಯಲ್ಲಿರಲಿಲ್ಲ. ಇವರು ಹೊರಗೆ ಕೂತು ಒಲೆ ಊದುತ್ತಿದ್ದರು. ಅಭ್ಯಾಸವಿಲ್ಲದವರು, ಒಂದು ಸಲ ಊದಿದರೆ ಹತ್ತು ಸಲ ಕೆಮ್ಮುತ್ತಿದ್ದರು. ಹೊತ್ತು ಮುಳುಗುತ್ತಾ ಬಂದಿತ್ತು, ಚಳಿ ಇಳಿಯುತ್ತಿತ್ತು.

"ಶಂಕರೀ," ಅಂದರು. ಆ ಹೆಸರಿನಿಂದ ಕರೆದು ಎಷ್ಟು ಕಾಲವಾಗಿತ್ತೋ. "ನಾನೂ ಸ್ವಲ್ಪ ಮೈಮೇಲೆ ಹಾಕ್ಕೊಳ್ಳುವ ಅಂತ. ನೀರು ಎಷ್ಟು ಉಳಿದದೆ?"

ಹಂಡೆಯೊಳಗೆ ಬಗ್ಗಿ ನೋಡಿದೆ. ಅರ್ಧಕ್ಕಿಂತ ಮೇಲೇ ಇತ್ತು, ಕುದಿಯುವಷ್ಟು ಬಿಸಿ.

"ತಳದಲ್ಲಿ ಸ್ವಲ್ಪ ಉಂಟು," ಅಂದೆ. ಅಂದು, ಇನ್ನೊಂದು ತಂಬಿಗೆ ಸುರಿದುಕೊಂಡೆ.